ಜಿ ಅಂದರೆ ಗುಡಿಸು

ಕಾಫಿ ತರಲು ಎದ್ದು ಹೋಗಿದ್ದೆ, ಅಷ್ಟೇ. ವಾಪಸ್ ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಒಬ್ಬ ಗಂಡಸು ಕುಳಿತಿದ್ದ.

ಕುರ್ಚಿಯನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಿದ್ದ. ನನ್ನ ಕೀಬೋರ್ಡಿನ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನ ಸ್ಕ್ರೀನನ್ನು ಪಿಳಿಪಿಳಿ ನೋಡುತ್ತಿದ್ದ. ಅಂದು ಬೆಳಗ್ಗೆ ತಾನೇ ನಮ್ಮ ಟೀಮಿಗೆ ಸೇರಿದ ಹೊಸಬ. ಕೊರಳಿನ ಐಡಿ ಕಾರ್ಡ್ ಇನ್ನೂ ಫಳಫಳ ಎನ್ನುತ್ತಿತ್ತು.

“ಮೇಡಂ, ಏನೋ ಆಗೋಯ್ತು,” ಎಂದ.

ತನ್ನಷ್ಟಕ್ಕೆ ತಾನೇ ಆಗಲು ಅದೇನು ಮಳೆಯೇ? ಬಗ್ಗಿ ಸ್ಕ್ರೀನ್ ನೋಡಿದೆ. ಬೆಳಗ್ಗೆಯಿಂದ ತಲೆ ಕೆಡಿಸಿಕೊಂಡು ಬರೆದಿದ್ದ ಕೋಡಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಹಿಂದಿನ ದಿನ ಎಲ್ಲಿ ಬಿಟ್ಟು ಹೋಗಿದ್ದೆನೋ ಅಲ್ಲಿಗೇ ಬಂದು ನಿಂತಿತ್ತು.

“ಯಾವ ಕೀ ಒತ್ತಿದ್ರಿ?”

“ಕಂಟ್ರೋಲ್ ಜಿ. ನಿಮ್ಮ ಫೈಲ್‌ನಲ್ಲಿ ಒಂದು ಸಾಲು ನೋಡ್ಕೊಂಡು ಬಾ ಅಂತ ಟೀಮ್ ಲೀಡ್ ಸಾರ್ ಕಳಿಸಿದ್ರು. ಆ ಸಾಲಿಗೆ ಹೋಗೋಣ ಅಂತ ಒತ್ತಿದೆ. ಜಿ ಅಂದ್ರೆ ಎಲ್ಲಾ ಕಡೆ ಅದೇ ಅಲ್ವಾ ಮೇಡಂ?”

“ನನ್ನ ಕಡೆ ಅಲ್ಲ!”

ಎಡಿಟರ್ ಎಂದರೆ ನಾವು ಕೋಡ್ ಬರೆಯುವ ಸಾಫ್ಟ್‌ವೇರ್. ಯಾವ ಕೀ ಒತ್ತಿದರೆ ಏನಾಗಬೇಕು ಎನ್ನುವುದನ್ನು ಅದರಲ್ಲಿ ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಹೆಚ್ಚಿನವರು ಒಂದೆರಡು ಬದಲಿಸಿ ಸುಮ್ಮನಾಗುತ್ತಾರೆ. ನಾನು ಅಡಿಯಿಂದ ಮುಡಿಯವರೆಗೆ ಬದಲಿಸಿದ್ದೆ, ಅದೂ ನೆನಪಿಗೆ ಸುಲಭವಾಗಲೆಂದು ಕನ್ನಡದ ಲೆಕ್ಕದಲ್ಲಿ. ಕಂಟ್ರೋಲ್ ಜೊತೆ ಒತ್ತುವ ಈ ಶಾರ್ಟ್‌ಕಟ್‌ಗಳಲ್ಲಿ ಇ ಅಂದರೆ ಎತ್ತು, ಇಡೀ ಸಾಲನ್ನು ಎತ್ತಿಕೊಳ್ಳುವುದು. ಡಿ ಅಂದರೆ ದಾಟು, ಮುಂದಿನ ಪದಕ್ಕೆ ಹೋಗುವುದು. ಟಿ ಅಂದರೆ ತಡಕು, ಹುಡುಕುವುದು. ಜಿ ಅಂದರೆ ಗುಡಿಸು. ಸೇವ್ ಆಗದ್ದನ್ನೆಲ್ಲ ಕಸ ಗುಡಿಸಿದಂತೆ ಗುಡಿಸಿ ಹಳೆಯದಕ್ಕೆ ಮರಳುವುದು. ‘ಖಂಡಿತವಾ?’ ಎಂದು ಸ್ಕ್ರೀನಿನ ನಡುವೆ ಕೇಳುವ ಪೆಟ್ಟಿಗೆ ಒಂದಿರುತ್ತದೆ. ಅದು ನನಗೆ ಕಿರಿಕಿರಿ. ಖಂಡಿತ ಇಲ್ಲದೆ ನಾನು ಯಾವ ಕೀಯನ್ನೂ ಒತ್ತುವವಳಲ್ಲವಾದ್ದರಿಂದ ಅದನ್ನೂ ಕಿತ್ತುಹಾಕಿದ್ದೆ.

“ಬೇರೆಯವರ ಕೀಬೋರ್ಡ್ ಮುಟ್ಟೋ ಮುಂಚೆ ಒಂದು ಮಾತು ಕೇಳ್ಬೇಕು ಅಂತ ನಿಮ್ಮ ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ?”

“ಮನೇಲಿ ಕೀಬೋರ್ಡ್ ಇದ್ದಿದ್ದು ನನ್ನೊಬ್ಬನ ಹತ್ರಾನೇ ಮೇಡಂ,” ಎಂದ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೇ ಹೊಳೆದು ನಾಲಿಗೆ ಕಚ್ಚಿಕೊಂಡ.

ಎದ್ದ. ಹೋಗುವ ಮುಂಚೆ ಬಗ್ಗಿ, ಸೀಟಿನ ಕೆಳಗಿನ ಹಿಡಿ ಒತ್ತಿ, ಕುರ್ಚಿಯನ್ನು ಕೆಳಗಿಳಿಸಿದ. ಸರಿಯಾಗಿ ನನ್ನ ಎತ್ತರಕ್ಕೇ. ಮೊದಲು ಎಷ್ಟಿತ್ತು ಎನ್ನುವುದನ್ನು ನೋಡಿಟ್ಟುಕೊಂಡಿದ್ದನೆಂದಾಯಿತು. ಇಂಥದ್ದಕ್ಕೆಲ್ಲ ಕಣ್ಣಿದೆ, ಕೇಳುವುದಕ್ಕೆ ಬಾಯಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ಪಕ್ಕದ ಮೇಜಿನ ಟೆಸ್ಟರ್ ಇದನ್ನೆಲ್ಲ ನೋಡುತ್ತಿದ್ದಳು. ಬೇರೆಯವರ ತಪ್ಪು ಹುಡುಕುವುದಕ್ಕೇ ಅವಳಿಗೆ ಸಂಬಳ.

“ಪಾಪ ಕಣೆ, ಚೆನ್ನಾಗಿದಾನೆ,” ಎಂದಳು.

“ನೀನೇ ಇಟ್ಕೋ,” ಎಂದೆ.

ಆ ಒಂದು ಒತ್ತಿನಿಂದ ದೊಡ್ಡ ರಾದ್ಧಾಂತವೇ ಆಯಿತು.

ನಮ್ಮ ಟೀಮಿನಲ್ಲಿ ಜೋಡಿಯಾಗಿ ಕೂತು ಕೆಲಸ ಮಾಡುವ ಪದ್ಧತಿ. ಒಬ್ಬರು ಟೈಪ್ ಮಾಡಿದರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಬೇಕು, ಆಮೇಲೆ ಅದಲುಬದಲು. ಲೀಡ್ ಸಾರ್‌ಗೆ ಇದನ್ನು ಕಂಡರೆ ಬಲು ಪ್ರೀತಿ. ನನ್ನ ಕೋಡ್ ಮಾಯವಾದ ಸುದ್ದಿ ಕಿವಿಗೆ ಬೀಳುತ್ತಲೇ ಅವರು ಎದ್ದು ನಿಂತು ಘೋಷಿಸಿದರು: ಇನ್ನು ಮುಂದೆ ಎಲ್ಲರ ಎಡಿಟರ್‌ನಲ್ಲೂ ಒಂದೇ ಥರದ ಶಾರ್ಟ್‌ಕಟ್. ಯಾರು ಯಾರ ಕುರ್ಚಿಯಲ್ಲಿ ಕೂತರೂ ತೊಂದರೆ ಆಗಬಾರದು. ಅದನ್ನು ತಯಾರು ಮಾಡುವ ಕೆಲಸ ಹೊಸಬನಿಗೆ.

ನೋಡಿ ನ್ಯಾಯ! ಹಾಳು ಮಾಡಿದವನು ಅವನು. ಬದಲಾಗಬೇಕಾದವಳು ನಾನು. ಮೇಲಿಂದ ಅದರ ಮೇಸ್ತ್ರಿಯೂ ಅವನೇ.

“ನಾನು ಬದಲಾಯಿಸಲ್ಲ ಸಾರ್,” ಎಂದೆ.

“ನೋಡಮ್ಮ, ಸರ್ಚ್ ಕೆಲಸ ನಿನಗೇ ಕೊಡೋಣ ಅಂತ ಇದೀನಿ. ದೊಡ್ಡ ಕೆಲಸ. ಟೀಮ್ ಕಟ್ಕೊಂಡು ಮಾಡ್ಬೇಕು. ಸ್ವಲ್ಪ ಹೊಂದ್ಕೊಳ್ಳೋದು ಕಲಿ,” ಎಂದು ಹೆಗಲು ತಟ್ಟಿ ಹೋದರು.

ಸರ್ಚ್ ಎಂದರೆ ಬಳಸುವವರಿಗೆ ಬೇಕಾದ್ದನ್ನು ಹುಡುಕಿಕೊಡುವ ಭಾಗ, ನಮ್ಮ ಇಡೀ ಸಾಫ್ಟ್‌ವೇರಿನ ಜೀವ. ಅದನ್ನು ಹೊಸದಾಗಿ ಬರೆಯಬೇಕೆಂದು ನಾನು ಹೇಳುತ್ತಲೇ ಬಂದಿದ್ದೆ. ಹೇಗೆ ಬರೆಯಬೇಕೆಂದು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಅಕ್ಕನ ಕಾರಿನಲ್ಲಿ ಯೋಚಿಸಿದ್ದೆ. ಅದು ಕೈತಪ್ಪಬಾರದಿತ್ತು.

ಶಾರ್ಟ್‌ಕಟ್ ಬಿಟ್ಟುಕೊಡುವುದೂ ಆಗುತ್ತಿರಲಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ, ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಗ ನನ್ನ ಬಲಗೈ ಬಸ್ಸಿನ ಬಾಗಿಲಿಗೆ ಸಿಕ್ಕಿತ್ತು. ಅಂದಿನಿಂದ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಮೂರೂ ಕೋಲಿನ ಹಾಗೆ ಸೆಟೆದುಕೊಂಡಿವೆ, ಮಡಚುವುದಿಲ್ಲ. ಹಾಗಾಗಿ ನನ್ನ ಶಾರ್ಟ್‌ಕಟ್‌ಗಳೆಲ್ಲ ಕೀಬೋರ್ಡಿನ ಎಡಭಾಗದಲ್ಲೇ ಇದ್ದವು, ಎಲ್ಲವೂ ಒಂದು ಕೈಗೆ ಸಿಗುವಂತೆ. ಬಲಗೈ ಉದ್ದ ತೋಳಿನೊಳಗೆ, ಮಡಿಲಲ್ಲಿ. ಎಲ್ಲರೂ ನನ್ನನ್ನು ಎಡಚಿ ಅಂದುಕೊಂಡಿದ್ದರು. ನಾನೂ ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ.

ಹಳೆಯ ಆಫೀಸಿನಲ್ಲಿ ಹೇಳಿ ಅನುಭವಿಸಿದ್ದೆ. ಹೇಳಿದ ಮರುದಿನವೇ ಎಲ್ಲರ ದನಿ ಮೆತ್ತಗಾಯಿತು. “ನೀನು ಆರಾಮಾಗಿರು” ಎಂದರು. ಆರಾಮು ಎಂದರೆ ಬೇರೆಯವರು ಬರೆದ ಕೋಡಿಗೆ ವಿವರಣೆ ಬರೆಯುವುದು. ಬರೆದೂ ಬರೆದೂ ರೋಸಿ, ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದೆ.

ಎಲ್ಲರ ಶಾರ್ಟ್‌ಕಟ್ ಗುರುತು ಹಾಕಿಕೊಳ್ಳುತ್ತ ಹೊಸಬ ನನ್ನ ಮೇಜಿಗೂ ಬಂದ. ಈ ಸಲ ತನ್ನ ಕುರ್ಚಿ ತಾನೇ ಉರುಳಿಸಿಕೊಂಡು ಬಂದು, ಒಂದು ಗಜ ದೂರದಲ್ಲಿ ನಿಲ್ಲಿಸಿದ.

“ಹತ್ರ ಬಂದ್ರೆ ಕಚ್ಚಲ್ಲ,” ಎಂದೆ.

“ಗ್ಯಾರಂಟಿ ಇದೆಯಾ?”

ಅವನು ನಗುವಾಗ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಲುಕುತ್ತಿತ್ತು. ಅದೊಂದು ನಗುವೇ ಎಂದುಕೊಂಡೆ. ಆಮೇಲೆ ಮತ್ತೊಮ್ಮೆ ಕುಲುಕುತ್ತದಾ ಎಂದು ಓರೆಗಣ್ಣಿನಲ್ಲಿ ನೋಡಿದೆ.

ಒಂದೊಂದೇ ಅಕ್ಷರ ಕೇಳುತ್ತ ಹೋದ. ಇ ಅಂದರೆ ಎತ್ತು ಎಂದರೆ ತಲೆದೂಗಿದ. ಆರ್ ಅಂದರೆ ರದ್ದು ಎಂದರೆ, “ವ್ಹಾ, ಇದು ಚೆನ್ನಾಗಿದೆ,” ಎಂದ. ನನ್ನ ಎಡಿಟರನ್ನು ಯಾರಾದರೂ ಚೆನ್ನಾಗಿದೆ ಎಂದದ್ದು ಅದೇ ಮೊದಲು. ಎಲ್ಲರೂ ಹುಚ್ಚರ ಸಂತೆ ಎನ್ನುವವರೇ.

“ಎಕ್ಸ್?”

“ಎಕ್ಸ್‌ಗೆ ಕನ್ನಡದಲ್ಲಿ ಏನೂ ಹೊಳೀಲಿಲ್ಲ. ನೋಡೋಕೆ ಕತ್ತರಿ ಥರ ಇದೆ, ಕತ್ತರಿಸು ಅಂತ ಇಟ್ಕೊಂಡೆ.”

“ಎಫ್‌ಗೆ ಏನೂ ಇಲ್ವಲ್ಲ?”

“ಎಫ್ ನಂಗೆ ಇಷ್ಟ ಇಲ್ಲ.”

“ಅದೇನು ಮಾಡ್ತು ಪಾಪ?”

“ನಿಮ್ಮ ಹಾಗೇನೇ. ಎಲ್ಲಿಂದ ಬಂತು, ಯಾಕೆ ಬಂತು, ಇಲ್ಲಿ ಏನು ಮಾಡ್ತಿದೆ, ಒಂದೂ ಗೊತ್ತಿಲ್ಲ.”

ಹೆಗಲು ಕುಲುಕಿತು. ನನ್ನ ತುಟಿಯೂ ಸ್ವಲ್ಪ ಜಾರಿತು, ತಕ್ಷಣ ಬಿಗಿಹಿಡಿದೆ.

“ಸರಿ, ಎಂಟರ್ ಯಾಕೆ ಎಡಗಡೆ ಕ್ಯಾಪ್ಸ್ ಲಾಕ್ ಮೇಲೆ ಬಂದಿದೆ?”

“ಬಲಗೈಗೆ ಕಾಫಿ ಕಪ್ ಬೇಕಲ್ಲ, ಅದಕ್ಕೆ.”

ಹೇಳುವಾಗ ಕಪ್ ನನ್ನ ಎಡಗೈಯಲ್ಲಿತ್ತು. ಅವನು ಕಪ್ ನೋಡಿದ. ಅವನ ಕಣ್ಣು ಮಡಿಲ ಕಡೆ ಇಳಿಯಿತು, ಉದ್ದ ತೋಳಿನ ಅಂಚಿನಲ್ಲಿ ಅರೆಗಳಿಗೆ ನಿಂತಿತು, ಹಾಗೇ ಮೇಲೆದ್ದು ಸ್ಕ್ರೀನಿಗೆ ಹೋಯಿತು.

“ಕಾಫಿ ಮುಖ್ಯ,” ಎಂದು ಬರೆದುಕೊಂಡ. ಆ ಬಗ್ಗೆ ಮತ್ತೆ ತುಟಿ ಪಿಟಕ್ ಎನ್ನಲಿಲ್ಲ.

ಅಲ್ಲಿಂದ ನನ್ನ ನೆಮ್ಮದಿ ಕೆಟ್ಟಿತು. ಅವನಿಗೆ ಗೊತ್ತು ಎಂದು ನನಗೆ ಗೊತ್ತು. ಆದರೂ ಅವನು ನನಗಾಗಿ ಓಡಿ ಬಂದು ಬಾಗಿಲು ತೆಗೆಯಲಿಲ್ಲ, ಬ್ಯಾಗ್ ಹಿಡಿಯಲು ಕೈ ಚಾಚಲಿಲ್ಲ, ದನಿ ಮೆತ್ತಗೆ ಮಾಡಲಿಲ್ಲ. ಪೆನ್ನು ಕೊಡುವಾಗ ಎಡಗಡೆಯಿಂದ ಕೊಡುತ್ತಿದ್ದ, ಅಷ್ಟೇ. ಜೋಡಿಯಾಗಿ ಕೂತಾಗ ನನ್ನ ಜೊತೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡುತ್ತಿದ್ದ. “ಈ ಕೋಡು ಯಾವ ಕೋತಿ ಬರೆದಿದ್ದು?” ಎಂದು ಕೇಳಿ, ನಾನೇ ಎಂದು ತಿಳಿದ ಮೇಲೂ, “ಒಳ್ಳೇ ಕೋತಿ, ಆದ್ರೂ ಕೋತೀನೇ,” ಎಂದ. ಹಾಗೆ ಬೈಸಿಕೊಂಡು ನನಗೆ ಖುಷಿಯಾಗುವುದೆಂದರೇನು? ಬೆಳಗ್ಗೆ ಕನ್ನಡಿಯ ಮುಂದೆ ಇನ್ನೊಂದು ನಿಮಿಷ ನಿಲ್ಲುವುದೆಂದರೇನು? ನನ್ನ ಮೇಲೇ ನನಗೆ ಸಿಟ್ಟು ಬರತೊಡಗಿತು.

“ಅವನು ನಿನ್ನ ಎಡಿಟರ್‌ನಲ್ಲಿ ಹಾರ್ಟ್ ಬರೋ ಶಾರ್ಟ್‌ಕಟ್ ಇಡ್ತಾನೆ ನೋಡ್ತಿರು,” ಎಂದಳು ಟೆಸ್ಟರ್.

“ಇಟ್ರೆ ಕೈ ಮುರೀತೀನಿ.”

“ಅಯ್ಯೋ, ಕೈ ಮುರಿಯೋಕೆ ಮೊದಲು ಕೈ ಹಿಡೀಬೇಕಲ್ವಾ?”

ಅವಳ ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಎತ್ತಿಕೊಂಡು ಬಂದು ಸೇಡು ತೀರಿಸಿಕೊಂಡೆ.

ಶಾರ್ಟ್‌ಕಟ್ ಪಟ್ಟಿ ತಯಾರಾದ ದಿನ ಗಾಜಿನ ರೂಮಿನಲ್ಲಿ ಮೀಟಿಂಗ್. ಲೀಡ್ ಸಾರ್ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಿ, ನಾಳೆಯಿಂದ ಎಲ್ಲರೂ ಇದೇ ಬಳಸಬೇಕು ಎಂದರು. ಎಲ್ಲರೂ ಹೂಂಗುಟ್ಟಿದರು.

“ನಾನು ಬಳಸಲ್ಲ ಸಾರ್,” ಎಂದೆ.

“ಕಾರಣ?”

“ನನ್ನದು ನನಗೆ ಸರಿಯಾಗಿದೆ. ನನ್ನ ಕೆಲಸದಲ್ಲಿ ಏನಾದ್ರೂ ಕೊರತೆ ಇದ್ರೆ ಹೇಳಿ.”

“ಇದು ಬರೀ ಹಠ ಅಮ್ಮ.” ಅವರ ಮುಖ ಕೆಂಪಗಾಯಿತು. “ಹಠಮಾರಿಗಳನ್ನ ನಂಬಿ ಸರ್ಚ್ ಥರದ ಕೆಲಸ ಹೇಗೆ ಕೊಡೋದು?”

ನಾನು ಉತ್ತರ ಕೊಡಲು ಬಾಯಿ ತೆರೆದಿದ್ದೆ. ಒಳ್ಳೆಯ ಉತ್ತರವೇ ಇತ್ತು. ಅಷ್ಟರಲ್ಲಿ ಮೇಜಿನ ಆಚೆಯಿಂದ ಹೊಸಬ ಎದ್ದು ನಿಂತ.

“ಹಠ ಅಲ್ಲ ಸಾರ್. ಅವರ ಬಲಗೈ ಬೆರಳು ಮಡಚಲ್ಲ. ಪೂರ್ತಿ ಎಡಗೈಲೇ ಕೆಲಸ ಮಾಡ್ತಾರೆ. ಅದಕ್ಕೇ ಆ ಶಾರ್ಟ್‌ಕಟ್.”

ಎಲ್ಲರ ಕಣ್ಣೂ ಒಟ್ಟಿಗೆ ನನ್ನ ಮಡಿಲಿಗೆ ಬಿತ್ತು. ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಹಾಗೆ ಎಳೆದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

“ಅಯ್ಯೋ,” ಎಂದರು ಲೀಡ್ ಸಾರ್. ದನಿ ಮೆತ್ತಗಾಗಿಬಿಟ್ಟಿತ್ತು. “ಮೊದಲೇ ಹೇಳೋದಲ್ವೇನಮ್ಮ? ನಿನ್ನ ಶಾರ್ಟ್‌ಕಟ್ ನೀನೇ ಇಟ್ಕೋ, ಯಾರೂ ಏನೂ ಅನ್ನಲ್ಲ. ಸರ್ಚ್‌ನಲ್ಲಿ ಟೈಪಿಂಗ್ ಜಾಸ್ತಿ ಇರುತ್ತೆ, ಅದನ್ನ ಇವನು ನೋಡ್ಕೊಳ್ಳಲಿ. ನೀನು ಆರಾಮಾಗಿ ವಿವರಣೆ ಬರ್ಕೊಂಡಿರು.”

ಆರಾಮಾಗಿ!

ಎದ್ದು ಹೊರಬಂದೆ. ಮೆಟ್ಟಿಲ ಬಳಿ ಹೊಸಬ ಹಿಂದಿನಿಂದ ಓಡಿ ಬಂದ. “ನಿಲ್ಲಿ. ದಯವಿಟ್ಟು ಒಂದು ನಿಮಿಷ.”

ನಿಂತೆ. ನಿಲ್ಲಬಾರದಿತ್ತು, ಆದರೆ ಒಳಗೆ ಕುದಿಯುತ್ತಿದ್ದದ್ದನ್ನು ಎಲ್ಲಾದರೂ ಸುರಿಯಬೇಕಿತ್ತು.

“ಯಾರು ಹೇಳಿದ್ರು ನಿಮಗೆ ನನ್ನ ಕೈ ವಿಷಯ?”

“ಯಾರೂ ಹೇಳಿಲ್ಲ. ನಾನೇ ನೋಡಿದೆ.”

“ನೋಡಿದ್ದು ನಿನ್ನ ಕಣ್ಣು. ಕೈ ನಂದು!” ಸಿಟ್ಟಿನಲ್ಲಿ ಬಹುವಚನ ಎಲ್ಲೋ ಬಿದ್ದುಹೋಯಿತು, ಎತ್ತಿಕೊಳ್ಳಲು ನಾನು ಬಗ್ಗಲಿಲ್ಲ. “ಅದನ್ನ ಹೇಳ್ಬೇಕಾ, ಬೇಡ್ವಾ, ಯಾರಿಗೆ, ಯಾವತ್ತು, ಅದೆಲ್ಲಾ ನನಗೆ ಸೇರಿದ್ದು. ನನಗೊಬ್ಬಳಿಗೇ!”

“ಅವರು ನಿಮ್ಮನ್ನ ಹಠಮಾರಿ ಅಂದ್ರು. ಕೇಳ್ಕೊಂಡು ಕೂತಿರೋಕೆ ನನ್ನ ಕೈಲಿ ಆಗ್ಲಿಲ್ಲ.”

“ನನ್ನ ಕೈಲಿ ಆಗ್ತಿತ್ತು! ಹಠಮಾರಿ ಅಂದ್ರೆ ಜಗಳ ಆಡಬಹುದು. ಪಾಪ ಅಂದ್ರೆ ಏನು ಮಾಡ್ಲಿ? ಹೇಳು, ಪಾಪ ಅನ್ನೋರ ಜೊತೆ ಹೇಗೆ ಜಗಳ ಆಡೋದು?”

ಅವನು ಏನೋ ಹೇಳಲು ಬಂದ, ನಾನು ಬಿಡಲಿಲ್ಲ.

“ಇಷ್ಟು ವರ್ಷ ಕಷ್ಟಪಟ್ಟು ಕಟ್ಕೊಂಡಿದ್ದೆ. ನೀನು ಮತ್ತೆ ಬಂದು ಕೂತ್ಕೊಂಡು ಕಂಟ್ರೋಲ್ ಜಿ ಒತ್ತಿಬಿಟ್ಟೆ. ಮತ್ತೆ ಕೇಳದೇ! ಮೊದಲ್ನೇ ಸಲ ಕೋಡ್ ಹೋಯ್ತು, ಈ ಸಲ ನಾನೇ ಹೋದೆ.”

“ತಪ್ಪಾಯ್ತು.” ಕಣ್ಣು ತುಂಬಿಕೊಂಡಿತ್ತು. “ಏನು ಮಾಡ್ಲಿ ಹೇಳಿ, ಮಾಡ್ತೀನಿ.”

“ಏನೂ ಮಾಡ್ಬೇಡ! ಅದನ್ನೊಂದು ಕಲಿ ಮೊದಲು!”

ಅಷ್ಟು ಸಿಟ್ಟಿನಲ್ಲೂ ಅವನ ರೆಪ್ಪೆ ಉದ್ದವಾಗಿದೆ ಎಂದು ನನ್ನ ಕಣ್ಣಿಗೆ ಬಿತ್ತು. ಬಿದ್ದದ್ದಕ್ಕೆ ಇನ್ನೂ ಸಿಟ್ಟು ಬಂದು, ದಡದಡನೆ ಮೆಟ್ಟಿಲಿಳಿದು ಹೊರಟುಹೋದೆ.

ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಅಂದು ಸಂಜೆ ನನ್ನನ್ನು ಕರೆದೊಯ್ಯಲು ಅದೇ ಕಾರಿನಲ್ಲಿ ಬಂದಿದ್ದಳು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನನ್ನ ಕಾಲ ಹತ್ತಿರ ಬೆರಳು ತೋರಿಸಿದಳು. ಕಲಿಸುವವರು ಕೂರುವ ಸೀಟಿನಲ್ಲೂ ಒಂದು ಬ್ರೇಕ್ ಇತ್ತು.

“ಕಲಿಯೋರು ಸ್ವಲ್ಪ ತಡವರಿಸಿದ್ರೂ ಇದನ್ನ ಒತ್ತಬೇಕು ಅನ್ಸುತ್ತೆ ನಂಗೆ. ಒತ್ತಿದ್ರೆ ಅವರಿಗೆ ಅವಮಾನ ಆಗುತ್ತೆ, ಗೊತ್ತು. ಆದ್ರೂ ಕಾಲು ತಡೆಯಲ್ಲ. ಹೆದರಿಕೆ ಕಣೇ,” ಎಂದಳು. “ನಿನ್ನ ಹುಡುಗನೂ ಹೆದರಿಬಿಟ್ಟಿದಾನೆ.”

“ನನ್ನ ಹುಡುಗ ಅಂತ ಯಾರು ಅಂದ್ರು?”

“ಅರ್ಧ ಗಂಟೆಯಿಂದ ಅವನೊಬ್ಬನನ್ನೇ ಬೈತಿದೀಯ. ಕೆಲಸ ಕಿತ್ಕೊಂಡಿದ್ದು ನಿಮ್ಮ ಲೀಡು. ಅವರನ್ನ ಒಂದು ಮಾತೂ ಬೈಲಿಲ್ವಲ್ಲ ನೀನು?”

ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಇಂಥ ಅಕ್ಕಂದಿರು ಶತ್ರುವಿಗೂ ಬೇಡ.

ಮರುದಿನ ಬೆಳಗ್ಗೆ ಟೆಸ್ಟರ್ ಬಾಗಿಲಲ್ಲೇ ಸಿಕ್ಕಿ ಪಿಸುಗುಟ್ಟಿದಳು, “ಹೊಸಬ ಲೀಡ್ ಸಾರ್ ಹತ್ರ ಹೋಗಿ, ‘ಸರ್ಚ್ ಕೆಲಸ ನನಗೆ ಬೇಡ, ಅವರಿಗೇ ಕೊಡಿ’ ಅಂತ ನಿನ್ನ ಹೆಸರು ಹೇಳಿದಾನಂತೆ.”

ಇದನ್ನು ಕೇಳಿ ನನ್ನ ಮನಸ್ಸು ತಿಳಿಯಾಯಿತೇ? ಪಿತ್ತ ನೆತ್ತಿಗೇರಿತು. ನನ್ನ ಕೆಲಸ ನನಗೆ ದಾನ ಕೊಡಲು ಇವನು ಯಾರು? ಏನೂ ಮಾಡಬೇಡ ಎಂದರೆ ಇದಾ ಅದರ ಅರ್ಥ? ನೆಟ್ಟಗೆ ಅವನ ಮೇಜಿಗೆ ಹೋದೆ.

“ಈಗ ಕೇಳ್ಕೊಂಡು ಮಾಡಿದ್ಯಾ?”

“ಇಲ್ಲ,” ಎಂದ, ಮೆಲ್ಲಗೆ.

“ಆ ಕೆಲಸ ಬೇಡ ಅನ್ನೋದು ನಿನ್ನಿಷ್ಟ. ನನಗೆ ಕೊಡಿ ಅನ್ನೋದು ನಿನಗೆ ಸೇರಿದ್ದಲ್ಲ. ನನಗೆ ಬೇಕಿರೋದನ್ನ ನಾನೇ ಕೇಳ್ತೀನಿ. ಬಾಯಿ ಸರಿಯಾಗೇ ಇದೆ.”

ಅಲ್ಲಿಂದ ಲೀಡ್ ಸಾರ್ ಕಡೆ ನಡೆದೆ. ಅವರು ನನ್ನನ್ನು ಕಂಡ ಕೂಡಲೇ ಮುಖವನ್ನು ರೋಗಿಯನ್ನು ನೋಡಲು ಆಸ್ಪತ್ರೆಗೆ ಬಂದವರ ಹಾಗೆ ಮಾಡಿಕೊಂಡರು.

“ಸಾರ್, ನಿಮ್ಮ ಕುರ್ಚಿ ತಗೊಂಡು ನನ್ನ ಮೇಜಿಗೆ ಬನ್ನಿ,” ಎಂದೆ. “ನನ್ನ ಜೊತೆ ಜೋಡಿ ಕೂತ್ಕೊಳ್ಳಿ. ಸರ್ಚ್‌ನ ಒಂದು ಭಾಗ ನಿಮ್ಮ ಮುಂದೇನೇ ಬರೀತೀನಿ. ಆಮೇಲೆ ನನ್ನ ಕೆಲಸ ನೋಡಿ ತೀರ್ಮಾನ ಮಾಡಿ, ಕೈ ನೋಡಿ ಅಲ್ಲ.”

ಬಂದರು. ಕೂತೆ. ತೋಳನ್ನು ಮೊಣಕೈವರೆಗೆ ಮಡಚಿಕೊಂಡು ಬಲಗೈಯನ್ನು ಮೇಜಿನ ಮೇಲೆ ಇಟ್ಟೆ, ಮೂರು ಬೆರಳೂ ಎಲ್ಲರಿಗೂ ಕಾಣುವ ಹಾಗೆ. ಎಡಗೈ ಕೀಬೋರ್ಡಿನ ಮೇಲೆ ಇಟ್ಟು ಶುರು ಮಾಡಿದೆ. ತಡಕು, ದಾಟು, ಎತ್ತು, ಕತ್ತರಿಸು, ಎಂಟರ್.

ಮೊದಮೊದಲು ಸಾರ್ ಕಣ್ಣು ಬಲಗೈ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಎಡಗೈಗೆ ಬಂತು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಸ್ಕ್ರೀನಿಗೆ ಮೂಗು ತಾಗಿಸಿದರು.

“ಅಲ್ಲಲ್ಲ, ಅದನ್ನ ಅಲ್ಲಿ ಯಾಕೆ ಇಡ್ತೀಯ? ನಿಧಾನ ಆಗುತ್ತೆ!”

“ನಿಧಾನ ಆಗಲ್ಲ ಸಾರ್, ಮುಂದಿನ ಸಾಲು ನೋಡದೆ ಮಾತಾಡ್ಬೇಡಿ!”

“ನಂಗೇ ಹೇಳ್ಕೊಡ್ತೀಯಾ?”

“ತಪ್ಪಾಗಿ ಹೇಳಿದ್ರೆ ಹೇಳ್ಕೊಡ್ತೀನಿ!”

ದನಿ ಏರಿತು. ಇಬ್ಬರೂ ಗಂಟಲು ಹರಿದುಕೊಂಡೆವು. ಯಾರೋ ತಲೆ ಎತ್ತಿ ನೋಡಿದರು, ಯಾರೋ ನಕ್ಕರು. ನನಗೆ ಹೇಳಲಾರದಷ್ಟು ಸಂತೋಷವಾಯಿತು. ಇವರು ನನ್ನ ಜೊತೆ ನಿಜವಾಗಿ ಜಗಳವಾಡುತ್ತಿದ್ದರು.

ಕೊನೆಗೆ ನಾನು ಹೇಳಿದ ಹಾಗೇ ಬರೆದದ್ದು ಓಡಿತು. ಸಾರ್ ಬೆನ್ನು ಒರಗಿಸಿ ಕೂತರು.

“ಆದ್ರೆ ಆ ಜಿ ಸಮಸ್ಯೆ ಹಾಗೇ ಇದೆಯಲ್ಲಮ್ಮ? ನಾಳೆ ಇನ್ನೊಬ್ರು ಬಂದು ನಿನ್ನ ಕುರ್ಚಿಲಿ ಕೂತ್ರೆ?”

“ಅದಕ್ಕೂ ರಾತ್ರಿ ಕೂತು ಒಂದು ದಾರಿ ಮಾಡಿದೀನಿ ನೋಡಿ.” ಕಂಟ್ರೋಲ್ ಎಫ್ ಒತ್ತಿದೆ. ಸ್ಕ್ರೀನಿನ ಕೆಳಗೆ ‘ಅತಿಥಿ’ ಎಂಬ ಪದ ಬಂತು. “ಈಗ ಇದು ಎಲ್ಲರ ಎಡಿಟರ್ ಹಾಗೇ. ಜಿ ಒತ್ತಿದ್ರೆ ಸಾಲಿಗೆ ಹೋಗುತ್ತೆ. ಇನ್ನೊಂದು ಸಲ ಎಫ್ ಒತ್ತಿದ್ರೆ ಮತ್ತೆ ನಂದು. ಎಲ್ಲರೂ ಒಂದೇ ಥರ ಆಗ್ಬೇಕಿಲ್ಲ ಸಾರ್. ಬೇರೆಯವರ ಮನೆಗೆ ಹೋದಾಗ ಬಾಗಿಲು ತಟ್ಟಿದ್ರೆ ಸಾಕು.”

ಅವರು ನನ್ನನ್ನು ಕೇಳಿ ಒಮ್ಮೆ ಜಿ ಒತ್ತಿ ನೋಡಿದರು. ಆಮೇಲೆ, “ನಿನ್ನೆ ನಾನು ಹಾಗೆ ಮಾತಾಡ್ಬಾರ್ದಿತ್ತು. ಸರ್ಚ್ ನಿಂದು,” ಎಂದರು. “ಜೋಡಿಗೆ ಯಾರು ಬೇಕು?”

ಬಾಯಲ್ಲಿ ಬಂದೇಬಿಟ್ಟಿತು. “ಆ ಹೊಸಬನನ್ನೇ ಕೊಡಿ. ಬೇರೆಯವರ ಕೆಲಸ ಹಾಳಾಗೋದು ಬೇಡ.”

ಪಕ್ಕದ ಮೇಜಿನಲ್ಲಿ ಟೆಸ್ಟರ್ ಬಿಸ್ಕತ್ತು ನೆತ್ತಿಗೇರಿ ಕೆಮ್ಮಿದಳು.

ಊಟ ಮುಗಿದ ಮೇಲೆ ಅವನು ಬಂದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ನನ್ನ ಮೇಜಿನ ಅರ್ಧದವರೆಗೆ ಬಿದ್ದಿತ್ತು. ನನ್ನ ಕುರ್ಚಿಯ ಬೆನ್ನ ಹಿಂದೆ ನಿಂತು ಕೆಮ್ಮಿದ. ಟೈಪ್ ಮಾಡುವ ಮೊದಲ ಸರದಿ ಅವನದು. ಎದ್ದು ನನ್ನ ಕುರ್ಚಿ ಬಿಟ್ಟುಕೊಟ್ಟು, ಅವನ ಬಲಗಡೆಗೆ ಇನ್ನೊಂದನ್ನು ಎಳೆದುಕೊಂಡೆ.

“ಕೂತ್ಕೋಬಹುದಾ?”

“ಕೂತ್ಕೋ.”

“ಕೀಬೋರ್ಡ್ ಮುಟ್ಟಬಹುದಾ?”

“ಮುಟ್ಟು. ಮೊದಲು ಎಫ್ ಒತ್ತು. ನೀನು ಅತಿಥಿ.”

ಅವನು ಎಫ್ ಒತ್ತಲಿಲ್ಲ. ಎಡಗೈಯನ್ನು ಮಾತ್ರ ಕೀಬೋರ್ಡಿನ ಮೇಲೆ ಇಟ್ಟ. ಬಲಗೈ ಮಡಿಲಲ್ಲೇ ಇತ್ತು. ಟಿ ಒತ್ತಿ ತಡಕಿದ. ಡಿ ಒತ್ತಿ ದಾಟಿದ. ಇ ಒತ್ತಿ ಒಂದು ಸಾಲು ಎತ್ತಿದ, ಕ್ಯಾಪ್ಸ್ ಲಾಕ್ ಒತ್ತಿ ಕೆಳಗಿಳಿದ. ಮಗು ಅಕ್ಷರ ತಿದ್ದುವಾಗಿನಂತೆ ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಒಂದು ಕಡೆ ಹಳೆಯ ಅಭ್ಯಾಸದಲ್ಲಿ ಬೆರಳು ಜಿ ಮೇಲೆ ಹೋಗಿ, ಗಾಳಿಯಲ್ಲೇ ನಿಂತು, ವಾಪಸ್ ಬಂತು. ಎಲ್ಲವನ್ನೂ ಕಲಿತುಬಿಟ್ಟಿದ್ದ.

ಎದೆ ಬೆಚ್ಚಗಾಯಿತು. ಮರುಕ್ಷಣವೇ ಅನುಮಾನ ಕುಟುಕಿತು.

“ಇದೇನು ಕನಿಕರಾನಾ? ಒಂದು ಕೈಲಿ ನಾಟಕ ಯಾಕೆ? ನಿಂಗೆ ಎರಡೂ ನೆಟ್ಟಗಿದೆಯಲ್ಲ!”

“ಕನಿಕರ ಅಲ್ಲ.” ಕಿವಿಯ ತುದಿ ಕೆಂಪಗಾಗಿತ್ತು. “ಶಾರ್ಟ್‌ಕಟ್ ಚೆನ್ನಾಗಿದೆ ಅಂತ ಕಲ್ತೆ. ಮನೇಲಿ ನಂದೂ ಹೀಗೇ ಮಾಡ್ಕೊಂಡಿದೀನಿ. ಬಲಗೈ ಮಾತ್ರ… ಒಂದು ಕೆಲಸ ಇದೆ ಅಂತ ಖಾಲಿ ಇಟ್ಕೊಂಡಿದೀನಿ.”

“ಏನು ಕೆಲಸ?”

“ಕೇಳೋಕೆ ಹೆದರಿಕೆ.”

“ಕೇಳದೇ ಮಾಡೋದಕ್ಕೆ ಹೆದರಿಕೆ ಇಲ್ಲ, ಕೇಳೋಕೆ ಹೆದರಿಕೆ! ಏನು ಮನುಷ್ಯ ನೀನು! ನೆಟ್ಟಗೆ ಕೇಳು.”

ಅವನು ಕೀಬೋರ್ಡಿನಿಂದ ಕೈ ತೆಗೆದ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ಆ ಉದ್ದ ರೆಪ್ಪೆಗಳು ಒಮ್ಮೆ ಕೆಳಗಿಳಿದು ಮೇಲೆದ್ದವು.

“ನಂಗೆ ನೀವು ತುಂಬಾ ಇಷ್ಟ. ಮೊದಲ ದಿನ ಬೈದಾಗಿನಿಂದ. ನಿಮ್ಮನ್ನ ನೀನು ಅನ್ನಬಹುದಾ? ನಿಮ್ಮ ಕೈ ಹಿಡ್ಕೋಬಹುದಾ? ಬೇಡ ಅಂದ್ರೆ ಬೇಡ. ಈಗ್ಲೇ ಎಫ್ ಒತ್ತಿ ಕೆಲಸ ಮಾಡ್ತೀನಿ.”

ಅವನ ಬಲ ಅಂಗೈ ನಮ್ಮಿಬ್ಬರ ಕುರ್ಚಿಗಳ ನಡುವೆ ತೆರೆದುಕೊಂಡಿತು. ಮುಂದಕ್ಕೆ ಬರಲಿಲ್ಲ, ಅಲ್ಲೇ ಕಾದಿತ್ತು. ಪಕ್ಕದ ಮೇಜಿನಲ್ಲಿ ಟೈಪಿಂಗ್ ಸದ್ದು ನಿಂತುಹೋಗಿತ್ತು.

ನನ್ನ ಎಡಗೈ ಅವನ ಅಂಗೈಯ ಪಕ್ಕದಲ್ಲೇ ಇತ್ತು. ಅದನ್ನು ಕೊಡುವುದು ಸುಲಭವಿತ್ತು. ನಾನು ಪೂರ್ತಿ ಅವನ ಕಡೆಗೆ ತಿರುಗಿ, ತೋಳನ್ನು ಹಿಂದಕ್ಕೆ ಸರಿಸಿ, ಬಲಗೈಯನ್ನು ಎತ್ತಿ ಅವನ ಅಂಗೈ ಮೇಲೆ ಇಟ್ಟೆ. ಆ ಬೆರಳುಗಳನ್ನು ಅಕ್ಕ ಮತ್ತು ಡಾಕ್ಟರ್ ಬಿಟ್ಟು ಯಾರೂ ಮುಟ್ಟಿರಲಿಲ್ಲ.

ಅವನು ಕೈಯನ್ನು ನೋಡಿದ. ಆಮೇಲೆ ನನ್ನನ್ನು. ಇನ್ನೂ ಹಿಡಿದಿರಲಿಲ್ಲ.

“ಖಂಡಿತವಾ?” ಎಂದ.

“ಆ ಪೆಟ್ಟಿಗೆ ಕಿತ್ತುಹಾಕಿದೀನಿ ಅಂತ ಗೊತ್ತಿಲ್ವಾ ನಿಂಗೆ?” ಎಂದು ರೇಗಿದೆ. ಅವನ ಹೆಗಲು ಕುಲುಕಿತು, ಬೆರಳುಗಳು ನನ್ನ ಬೆರಳುಗಳ ಸುತ್ತ ಮಡಚಿಕೊಂಡವು.